ಡೇಕೇರ್ ಚೀಲದಲ್ಲಿ ಔಷಧಿ ಬಾಟಲಿ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಡೇಕೇರ್, ಪ್ಲೇಹೋಮ್‌ಗೆ ಹೋಗುವ ಮಕ್ಕಳ ಕಾಯಿಲೆ ಮತ್ತು ಔಷಧಿಯ ಬಗ್ಗೆ ಬೆಂಗಳೂರಿನ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಇಲ್ಲಿರುವ ಪ್ರಮಾಣಗಳು ನಿಮ್ಮ ಡಾಕ್ಟರ ಚೀಟಿಯನ್ನು ಸರಿಯಾಗಿ ಓದಿಕೊಳ್ಳುವುದಕ್ಕೆ. ಚೀಟಿಯ ಬದಲಿಗೆ ಇವನ್ನು ಬಳಸಬೇಡಿ.

ಪ್ರಶ್ನೆ: ಮಗನಿಗೆ ಒಂದೂವರೆ ವರ್ಷ. ಕಿವಿನೋವಿಗೆ ಡಾಕ್ಟರು ಆಂಟಿಬಯಾಟಿಕ್ ಬರೆದಿದ್ದಾರೆ. ನಾವಿಬ್ಬರೂ ಬೆಳಗ್ಗೆ ಎಂಟೂವರೆಗೆ ಮನೆ ಬಿಟ್ಟರೆ ವಾಪಸ್ ಬರುವುದು ಸಂಜೆ ಏಳಕ್ಕೆ. ಡೇಕೇರ್‌ನವರು ‘ನಾವು ಔಷಧಿ ಕೊಡಲ್ಲ’ ಅಂತಾರೆ. ಏನು ಮಾಡೋದು?
— ಒಬ್ಬ ತಾಯಿ, ಬನಶಂಕರಿ

ಮೊದಲು ಚೀಟಿ ನೋಡಿ. ‘ಬಿಡಿ’ (BD) ಅಥವಾ ‘1-0-1’ ಎಂದಿದ್ದರೆ ದಿನಕ್ಕೆ ಎರಡು ಸಲ, ಬೆಳಗ್ಗೆ ಮತ್ತು ರಾತ್ರಿ. ‘ಟಿಡಿಎಸ್’ ಅಥವಾ ‘1-1-1’ ಎಂದಿದ್ದರೆ ಮೂರು ಸಲ. ‘ಎಸ್‌ಒಎಸ್’ ಅಂದರೆ ಅಗತ್ಯ ಬಿದ್ದಾಗ ಮಾತ್ರ. ಎರಡು ಸಲದ್ದಾದರೆ ಬಾಟಲಿ ಮನೆ ಬಿಟ್ಟು ಹೊರಗೆ ಹೋಗಬೇಕಾಗಿಯೇ ಇಲ್ಲ. ಬೆಳಗ್ಗೆ ಏಳೂವರೆಗೆ ತಿಂಡಿಯ ಜೊತೆ ಒಂದು ಸಲ, ರಾತ್ರಿ ಏಳೂವರೆಗೆ ಊಟದ ಜೊತೆ ಇನ್ನೊಂದು ಸಲ.

ಕಿವಿ, ಗಂಟಲಿನ ಸೋಂಕಿಗೆ ಹೆಚ್ಚಾಗಿ ಬರೆಯುವ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಸಿರಪ್‌ನಲ್ಲಿ ದಿನಕ್ಕೆ ಎರಡು ಸಲ ಕೊಡುವಂಥದ್ದೂ ಇದೆ. ಅಜಿತ್ರೊಮೈಸಿನ್ ಆದರೆ ದಿನಕ್ಕೆ ಒಂದೇ ಸಲ. ಯಾವ ಔಷಧಿ ಎಂಬುದು ಡಾಕ್ಟರ ತೀರ್ಮಾನ. ಆದರೆ ಅವರೆದುರು ಕೂತಿರುವಾಗಲೇ ‘ಮಗು ಹಗಲೆಲ್ಲ ಡೇಕೇರ್‌ನಲ್ಲಿರುತ್ತೆ, ಬೆಳಗ್ಗೆ-ರಾತ್ರಿಗೆ ಆಗುವ ಹಾಗೆ ಬರೆಯೋಕಾಗುತ್ತಾ?’ ಎಂದು ಕೇಳಿ. ಈ ಒಂದು ಮಾತು ಕೇಳದೆ ಬಂದು ಆಮೇಲೆ ಪರದಾಡುವ ಮನೆಗಳು ಬಹಳ. ಮೂರು ಸಲದ ಔಷಧಿಯನ್ನು ನೀವಾಗಿಯೇ ಎರಡು ಸಲಕ್ಕೆ ಇಳಿಸಬೇಡಿ, ಎರಡಕ್ಕೂ ಲೆಕ್ಕ ಬೇರೆ.

ಮಕ್ಕಳ ಆಂಟಿಬಯಾಟಿಕ್ ಸಾಮಾನ್ಯವಾಗಿ ಪುಡಿಯಾಗಿ ಬರುತ್ತದೆ, ನೀರು ಬೆರೆಸುವ ಕೆಲಸ ನಿಮ್ಮದು. ಮೊದಲು ಬಾಟಲಿಯನ್ನು ಅಂಗೈಗೆ ತಟ್ಟಿ ಪುಡಿ ಸಡಿಲಿಸಿ. ಕುದಿಸಿ ಪೂರ್ತಿ ಆರಿಸಿದ ನೀರನ್ನು, ಅಥವಾ ಪೆಟ್ಟಿಗೆಯಲ್ಲೇ ಕೊಟ್ಟಿರುವ ನೀರನ್ನು, ಗುರುತಿನ ಅರ್ಧದವರೆಗೆ ಹಾಕಿ ಚೆನ್ನಾಗಿ ಕುಲುಕಿ. ಆಮೇಲೆ ಗುರುತಿನವರೆಗೆ ತುಂಬಿಸಿ ಮತ್ತೆ ಕುಲುಕಿ. ನೊರೆ ಇಳಿದ ಮೇಲೆ ಮಟ್ಟ ಕೆಳಗೆ ಹೋಗಿರುತ್ತದೆ, ಗುರುತಿಗೆ ಸರಿಯಾಗಿ ಇನ್ನಷ್ಟು ನೀರು ಸೇರಿಸಿ. ನೊರೆಯ ಮಟ್ಟವನ್ನೇ ನೀರಿನ ಮಟ್ಟ ಎಂದುಕೊಂಡರೆ ಔಷಧಿ ಗಟ್ಟಿಯಾಗುತ್ತದೆ. ಪ್ರತಿ ಸಲ ಕೊಡುವ ಮುಂಚೆಯೂ ಕುಲುಕಬೇಕು. ಕುಲುಕದಿದ್ದರೆ ಔಷಧಿ ತಳದಲ್ಲೇ ಕೂತು, ಮೊದಲೆರಡು ದಿನ ಮಗುವಿಗೆ ಬರೀ ಸಿಹಿನೀರು, ಕೊನೆಯ ದಿನ ಅಗತ್ಯಕ್ಕಿಂತ ಜಾಸ್ತಿ ಹೋಗುತ್ತದೆ. ನೀರು ಬೆರೆಸಿದ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು. ಬಾಗಿಲಿನ ಅರೆಯೂ ಬೇಡ, ಫ್ರೀಜರೂ ಬೇಡ, ಮಧ್ಯದ ಅರೆ ಸರಿ. 7 ದಿನ ದಾಟಿದರೆ ಚೆಲ್ಲಿ. ಬೆರೆಸಿದ ದಿನಾಂಕವನ್ನು ಬಾಟಲಿಯ ಮೇಲೇ ಬರೆದಿಡಿ.

ಮಧ್ಯಾಹ್ನದ ಡೋಸ್ ತಪ್ಪಿಸಲಾಗದ ಸಂದರ್ಭವೂ ಬರುತ್ತದೆ. ಆಗ ಡೇಕೇರ್‌ಗೆ ಮೂಲ ಬಾಟಲಿ, ಡಾಕ್ಟರ ಚೀಟಿಯ ನಕಲು, ನಿಮ್ಮ ಸಹಿಯಿರುವ ಪತ್ರ ಮೂರೂ ಹೋಗಬೇಕು. ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಬಾಟಲಿಯ ಮೇಲೆ ಮಗುವಿನ ಹೆಸರು, ಪ್ರಮಾಣ ಬರೆದ ಚೀಟಿ ಅಂಟಿಸಿಕೊಡುವ ರೂಢಿ ಇಲ್ಲ. ಆ ಕೆಲಸ ನೀವೇ ಮಾಡಿ. ಪತ್ರದಲ್ಲಿ ಇಷ್ಟಿರಲಿ: ಮಗುವಿನ ಪೂರ್ತಿ ಹೆಸರು, ತೂಕ, ಔಷಧಿಯ ಹೆಸರು, ಬಾಟಲಿಯ ಮೇಲಿರುವ ಸಾಂದ್ರತೆ (ಎಷ್ಟು ಎಂಎಲ್‌ಗೆ ಎಷ್ಟು ಮಿಲಿಗ್ರಾಂ), ಎಷ್ಟು ಎಂಎಲ್, ಎಷ್ಟು ಗಂಟೆಗೆ, ಎಷ್ಟು ದಿನ, ಮನೆಯಲ್ಲಿ ಕೊನೆಯ ಸಲ ಕೊಟ್ಟಿದ್ದು ಯಾವಾಗ. ‘ಒಂದು ಚಮಚ’ ಎಂದು ಬರೆಯಬೇಡಿ. ಅಡುಗೆಮನೆಯ ಒಂದೊಂದು ಚಮಚ ಒಂದೊಂದು ಅಳತೆ. ಎಷ್ಟೋ ಡೇಕೇರ್‌ಗಳಲ್ಲಿ ಔಷಧಿ ಕುಡಿಸುವವರು ಆಯಾ. ಅವರಿಗೆ ಇಂಗ್ಲಿಷ್ ಓದಲು ಬರುತ್ತದೆ ಎಂದುಕೊಳ್ಳದೆ ಕನ್ನಡದಲ್ಲೂ ಬರೆಯಿರಿ. ಮೆಡಿಕಲ್ ಶಾಪ್‌ನಲ್ಲಿ 5 ಎಂಎಲ್ ಸಿರಿಂಜ್ ತಂದು, ಸೂಜಿ ಮತ್ತು ಅದರ ಮುಚ್ಚಳ ಎರಡನ್ನೂ ಮನೆಯಲ್ಲೇ ಎಸೆದು, ಬೇಕಾದ ಎಂಎಲ್‌ಗೆ ಮಾರ್ಕರ್‌ನಿಂದ ಗೆರೆ ಎಳೆದು ಕಳಿಸಿ. ರಬ್ಬರಿನ ಮೇಲಂಚು ಆ ಗೆರೆಗೆ ಬಂದು ನಿಂತರೆ ಅಳತೆ ಸರಿ. ಸಿರಿಂಜಿನ ಮುಚ್ಚಳ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಅದಕ್ಕೇ ಎಸೆಯಿರಿ ಎಂದದ್ದು.

ಇನ್ನೊಂದು ಮಾತು. ಅಮಾಕ್ಸಿಸಿಲಿನ್-ಕ್ಲಾವುಲನೇಟ್‌ನಿಂದ ಕೆಲವು ಮಕ್ಕಳಿಗೆ ಮಲ ತೆಳ್ಳಗಾಗುತ್ತದೆ. ಮೊದಲೇ ಹೇಳಿರದಿದ್ದರೆ ಡೇಕೇರ್‌ನವರು ಅಂಟುವ ಭೇದಿ ಎಂದು ಮಗುವನ್ನು ವಾಪಸ್ ಕಳಿಸುತ್ತಾರೆ, ಹಾಗೆ ಮಾಡಿದರೆ ಅವರ ತಪ್ಪೇನಿಲ್ಲ.

ಪ್ರಶ್ನೆ: ನಾನು ಡೇಕೇರ್ ಒಂದರಲ್ಲಿ ಮಿಸ್. ಜ್ವರ ಬಂದರೆ ಕೊಡಿ ಎಂದು ಪೋಷಕರು ಪ್ಯಾರಾಸಿಟಮಾಲ್ ಬಾಟಲಿ ಬಿಟ್ಟುಹೋಗುತ್ತಾರೆ. ಕೆಲವರು 5 ಎಂಎಲ್ ಅಂತಾರೆ, ಕೆಲವರು ಒಂದೂವರೆ ಎಂಎಲ್ ಅಂತಾರೆ. ಒಂದೇ ವಯಸ್ಸಿನ ಮಕ್ಕಳಿಗೆ ಇಷ್ಟೊಂದು ವ್ಯತ್ಯಾಸ ಯಾಕೆ?
— ವಿಜಯನಗರ

ಈ ಪ್ರಶ್ನೆಗೆ ಉತ್ತರ ಪ್ರತಿ ಡೇಕೇರ್‌ನ ಗೋಡೆಯ ಮೇಲಿರಬೇಕು. ಪ್ಯಾರಾಸಿಟಮಾಲ್ ನಮ್ಮಲ್ಲಿ ಒಂದೇ ಸಾಂದ್ರತೆಯಲ್ಲಿ ಸಿಗುವುದಿಲ್ಲ. ಕೂಸುಗಳಿಗೆ ಕೊಡುವ ಡ್ರಾಪ್ಸ್‌ನಲ್ಲಿ 1 ಎಂಎಲ್‌ಗೆ 100 ಮಿಲಿಗ್ರಾಂ. ಸಿರಪ್‌ಗಳಲ್ಲಿ ಒಂದು ಬಗೆಯಲ್ಲಿ 5 ಎಂಎಲ್‌ಗೆ 120 ಅಥವಾ 125 ಮಿಲಿಗ್ರಾಂ, ಇನ್ನೊಂದರಲ್ಲಿ 5 ಎಂಎಲ್‌ಗೆ 250. ಹೆಸರು ಒಂದೇ, ಪೆಟ್ಟಿಗೆಯ ಬಣ್ಣವೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ತೋರಿಸುವುದು ಮೂಲೆಯಲ್ಲಿರುವ ಆ ಸಂಖ್ಯೆ ಮಾತ್ರ.

ಲೆಕ್ಕ ಹಾಕಿ ನೋಡೋಣ. ಪ್ಯಾರಾಸಿಟಮಾಲ್ ಪ್ರಮಾಣ ವಯಸ್ಸಿನ ಮೇಲಲ್ಲ, ತೂಕದ ಮೇಲೆ: ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಲಿಗ್ರಾಂ. 10 ಕಿಲೋ ತೂಕದ ಮಗುವಿಗೆ ಹೆಚ್ಚೆಂದರೆ 150 ಮಿಲಿಗ್ರಾಂ. ಅಷ್ಟನ್ನು ಡ್ರಾಪ್ಸ್‌ನಲ್ಲಿ ಕೊಡುವುದಾದರೆ 1.5 ಎಂಎಲ್, 250ರ ಸಿರಪ್‌ನಲ್ಲಿ 3 ಎಂಎಲ್, 120ರ ಸಿರಪ್‌ನಲ್ಲಿ ಸುಮಾರು 6 ಎಂಎಲ್. ಅಂದರೆ ಆ ಪೋಷಕರು ಎಲ್ಲರೂ ಸರಿಯಾಗಿಯೇ ಹೇಳಿರಬಹುದು. ಅಪಾಯ ಇರುವುದು ಒಬ್ಬರ ಮಾತನ್ನು ಇನ್ನೊಂದು ಬಾಟಲಿಗೆ ಹಚ್ಚುವಲ್ಲಿ. ಅದೇ ಮಗುವಿಗೆ ಡ್ರಾಪ್ಸ್ ಬಾಟಲಿಯಿಂದ 5 ಎಂಎಲ್ ಹೋದರೆ 500 ಮಿಲಿಗ್ರಾಂ, ಅಂದರೆ ಮೂರುಪಟ್ಟಿಗಿಂತ ಹೆಚ್ಚು. ದಿನಕ್ಕೆ ನಾಲ್ಕು ಸಲದ ಮೇಲೆ ಬೇಡ, 24 ಗಂಟೆಯ ಒಟ್ಟು ಪ್ರಮಾಣ ಕಿಲೋಗೆ 60 ಮಿಲಿಗ್ರಾಂ ದಾಟಬಾರದು. ಹೀಗೆ ಜಾಸ್ತಿ ಆಗುತ್ತಾ ಹೋದರೆ ಪೆಟ್ಟು ಬೀಳುವುದು ಯಕೃತ್ತಿಗೆ, ಮೊದಲೆರಡು ದಿನ ಹೊರಗೆ ಏನೂ ಕಾಣದೆಯೂ ಇರಬಹುದು.

ಎರಡನೆಯ ಅಪಾಯ ಅಂತರದ್ದು. ಎರಡು ಡೋಸ್‌ಗಳ ನಡುವೆ ಕನಿಷ್ಠ 4 ಗಂಟೆ ಬೇಕು, 6 ಗಂಟೆಯಾದರೆ ಒಳ್ಳೆಯದು. ಅಜ್ಜಿ ಬೆಳಗ್ಗೆ ಏಳಕ್ಕೆ ಕುಡಿಸಿರುತ್ತಾರೆ, ಅದು ಗೊತ್ತಿಲ್ಲದ ಅಪ್ಪ ಡೇಕೇರ್ ಬಾಗಿಲಲ್ಲಿ ‘ಮೈ ಬೆಚ್ಚಗಿದೆ, ಒಂದು ಡೋಸ್ ಕೊಟ್ಟುಬಿಡಿ’ ಅನ್ನುತ್ತಾರೆ. ಹಾಗಾಗಿ ಮಗುವನ್ನು ಒಳಗೆ ಕರೆದುಕೊಳ್ಳುವಾಗಲೇ ‘ಕೊನೇ ಸಲ ಔಷಧಿ ಎಷ್ಟು ಗಂಟೆಗೆ, ಯಾವುದು?’ ಎಂದು ಕೇಳಿ ಬರೆದುಕೊಳ್ಳಿ. ಕೊಡುವ ಮುಂಚೆ ಪೋಷಕರಿಗೆ ಫೋನ್ ಮಾಡಿ. ಕೊಟ್ಟ ತಕ್ಷಣ ಗಂಟೆ, ಎಂಎಲ್ ಬರೆದು ಸಹಿ ಹಾಕಿ. ಇನ್ನೊಬ್ಬರು ಬಾಟಲಿಯ ಸಂಖ್ಯೆ ಮತ್ತು ಸಿರಿಂಜಿನ ಗೆರೆ ನೋಡಿ ಪಕ್ಕದಲ್ಲಿ ಸಹಿ ಹಾಕಲಿ. ಸಂಜೆ ಕರೆದೊಯ್ಯುವವರು ಅಜ್ಜನಾಗಲಿ, ಕ್ಯಾಬ್ ಚಾಲಕರ ಜೊತೆ ಬಂದ ಚಿಕ್ಕಮ್ಮನಾಗಲಿ, ಆ ಪುಟದ ಫೋಟೋ ಅಮ್ಮ-ಅಪ್ಪನ ಫೋನಿಗೆ ಹೋಗಬೇಕು.

ಮೂರನೆಯದು ಶೀತದ ಸಿರಪ್. ‘ಕೋಲ್ಡ್’ ಎಂದು ಮಾರುವ ಅನೇಕ ಸಿರಪ್‌ಗಳಲ್ಲಿ ಪ್ಯಾರಾಸಿಟಮಾಲ್ ಸೇರಿಯೇ ಇರುತ್ತದೆ. ಅದರ ಮೇಲೆ ಜ್ವರದ ಸಿರಪ್ ಕೊಟ್ಟರೆ ಡಬಲ್ ಡೋಸ್.

ಡೆಂಗಿ ಕಾಲದಲ್ಲಿ, ಅಂದರೆ ನಮ್ಮಲ್ಲಿ ಮಳೆಗಾಲ ಹಿಡಿದು ಅದು ಮುಗಿದ ಮೇಲೂ ಕೆಲವು ವಾರ, ಐಬುಪ್ರೊಫೆನ್ ಅಥವಾ ಮೆಫೆನಾಮಿಕ್ ಆಸಿಡ್ ಇರುವ ಸಿರಪ್ ಡೇಕೇರ್‌ಗೆ ಬಂದರೆ ಡಾಕ್ಟರನ್ನು ಕೇಳದೆ ಕೊಡಲೇಬೇಡಿ. ಡೆಂಗಿಯಲ್ಲಿ ಇವು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೆನ್ ಬೆರೆಸಿದ ಸಿರಪ್‌ಗಳೂ ಇವೆ, ಲೇಬಲ್‌ನ ಎರಡನೇ ಸಾಲನ್ನೂ ಓದಿ.

ಪ್ರಶ್ನೆ: ಮಗಳು ಔಷಧಿ ಉಗುಳುತ್ತಾಳೆ. ಹಾಲಿನ ಬಾಟಲಿಗೆ ಬೆರೆಸಿ ಡೇಕೇರ್‌ಗೆ ಕಳಿಸಿದರೆ ಆಗುತ್ತಾ?
— ಯಲಹಂಕ

ಬೇಡ. 200 ಎಂಎಲ್ ಹಾಲಿನಲ್ಲಿ ಅರ್ಧ ಕುಡಿದು ಬಿಟ್ಟರೆ ಔಷಧಿಯೂ ಅರ್ಧವೇ ಹೋದಂತೆ, ಉಳಿದದ್ದನ್ನು ಯಾರೂ ಅಳೆಯಲಾರರು. ಉಳಿದ ಹಾಲನ್ನು ಇನ್ನೊಂದು ಮಗು ಕುಡಿಯುವ ಅಪಾಯವೂ ಉಂಟು. ಮಗುವನ್ನು ನೆಟ್ಟಗೆ ಕೂರಿಸಿ, ಸಿರಿಂಜಿನ ತುದಿಯನ್ನು ನಾಲಿಗೆಯ ಮೇಲೆ ಇಡದೆ ಕೆನ್ನೆಯ ಒಳಮಗ್ಗುಲಿಗೆ ಇಟ್ಟು, ಅರ್ಧರ್ಧ ಎಂಎಲ್‌ನಂತೆ ಬಿಡಿ, ಪ್ರತಿ ಸಲ ನುಂಗಲು ಸಮಯ ಕೊಡಿ. ಮಲಗಿಸಿ, ಮೂಗು ಹಿಡಿದು ಸುರಿದರೆ ಶ್ವಾಸಕ್ಕೆ ಹೋಗುತ್ತದೆ. ಕುಡಿದ ಹದಿನೈದು-ಇಪ್ಪತ್ತು ನಿಮಿಷದೊಳಗೆ ವಾಂತಿಯಾದರೆ ಮತ್ತೆ ಕೊಡಬೇಕೇ ಬೇಡವೇ ಎಂಬುದು ಔಷಧಿಯ ಮೇಲೆ ಹೋಗುತ್ತದೆ. ಡೇಕೇರ್‌ನವರು ತಾವಾಗಿ ಮತ್ತೆ ಕೊಡದೆ, ವಾಂತಿಯ ಗಂಟೆ ಬರೆದಿಟ್ಟು ಪೋಷಕರನ್ನು ಕೇಳಲಿ, ಪೋಷಕರು ಡಾಕ್ಟರನ್ನು ಕೇಳಲಿ.

ಪ್ರಶ್ನೆ: ರಾತ್ರಿ ಜ್ವರವಿದ್ದ ಮಗುವಿಗೆ ಬೆಳಗ್ಗೆ ಸಿರಪ್ ಕುಡಿಸಿ ಕಳಿಸುತ್ತಾರೆ. ಹನ್ನೊಂದು ಗಂಟೆಗೆ ಮೈ ಸುಡುತ್ತಿರುತ್ತದೆ. ಫೋನ್ ಮಾಡಿದರೆ ‘ಮೀಟಿಂಗ್‌ನಲ್ಲಿದ್ದೇನೆ’ ಎನ್ನುತ್ತಾರೆ. ಯಾವ ಕಾಯಿಲೆಗೆ ಎಷ್ಟು ದಿನ ಮನೆಯಲ್ಲಿರಬೇಕು ಎಂದು ಸ್ಪಷ್ಟವಾಗಿ ಹೇಳಿ. ಈಗ ನಮ್ಮಲ್ಲಿ ಇಬ್ಬರು ಮಕ್ಕಳಿಗೆ ಕೈ-ಕಾಲು-ಬಾಯಿ ಕಾಯಿಲೆ ಬಂದಿದೆ.
— ಡೇಕೇರ್ ನಡೆಸುವವರು, ಮಾರತಹಳ್ಳಿ

ರಜೆ ಸಿಗದ ಅಪ್ಪ-ಅಮ್ಮನ ಕಷ್ಟ ಸುಳ್ಳಲ್ಲ. ಆದರೂ ಔಷಧಿ ಕುಡಿಸಿ ಜ್ವರ ಇಳಿಸಿ ಕಳಿಸಿದರೆ ಆ ಮಗುವಿಗೂ ವಿಶ್ರಾಂತಿ ಇಲ್ಲ, ಉಳಿದ ಹತ್ತು ಮನೆಗೂ ಕಾಯಿಲೆ ಹಂಚಿದಂತೆ. ಜ್ವರಕ್ಕೆ ನಿಯಮ ಒಂದೇ: ಔಷಧಿ ಇಲ್ಲದೆ 24 ಗಂಟೆ ಜ್ವರ ಬಾರದಿದ್ದರೆ ಮಾತ್ರ ವಾಪಸ್. ಮೈ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಜ್ವರ. ಡಿಜಿಟಲ್ ಥರ್ಮಾಮೀಟರ್ ಕಂಕುಳಲ್ಲಿಟ್ಟು, ಕೈ ಒತ್ತಿ ಹಿಡಿದು, ಬೀಪ್ ಆಗುವವರೆಗೆ ಕಾಯಿರಿ. ಹಣೆ ಮುಟ್ಟಿ ನೋಡಿದ್ದನ್ನು ಪುಸ್ತಕದಲ್ಲಿ ಬರೆಯಬೇಡಿ.

ಭೇದಿ, ವಾಂತಿಗೆ ಅದು ನಿಂತ ಮೇಲೆ 48 ಗಂಟೆ. ಮನೆಯಲ್ಲಿ ‘ಅಮ್ಮ’ ಎನ್ನುವ ಚಿಕನ್‌ಪಾಕ್ಸ್‌ಗೆ ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟುವವರೆಗೆ, ಅಂದರೆ ಸಾಮಾನ್ಯವಾಗಿ ಐದರಿಂದ ಏಳು ದಿನ. ಮದ್ರಾಸ್ ಐಗೆ ಕಣ್ಣಿನ ಪಿಸುರು ಮತ್ತು ನೀರು ನಿಲ್ಲುವವರೆಗೆ. ಬರೀ ಮೂಗು ಸೋರುತ್ತಿದ್ದು, ಜ್ವರವಿಲ್ಲದೆ ಮಗು ಆಡಿಕೊಂಡಿದ್ದರೆ ತಡೆಯಬೇಕಾಗಿಲ್ಲ. ಶೀತಕ್ಕೆಲ್ಲ ಮನೆಗೆ ಕಳಿಸಿದರೆ ಮೂರು ವರ್ಷದೊಳಗಿನ ಮಕ್ಕಳು ಡೇಕೇರ್‌ಗೆ ಬರುವುದೇ ಅಪರೂಪವಾದೀತು.

ಕೈ-ಕಾಲು-ಬಾಯಿ ಕಾಯಿಲೆ ಎಂಟೆರೋವೈರಸ್ ಗುಂಪಿನದು, ಹೆಚ್ಚಾಗಿ ಕಾಕ್ಸಾಕಿ ವೈರಸ್. ಒಂದೆರಡು ದಿನ ಜ್ವರ, ಆಮೇಲೆ ಬಾಯೊಳಗೆ ಹುಣ್ಣು, ಅಂಗೈ, ಅಂಗಾಲು, ಕುಂಡೆಯ ಮೇಲೆ ಗುಳ್ಳೆ. ಜ್ವರ ಬಿಟ್ಟು, ಗುಳ್ಳೆ ಒಣಗಿ, ಜೊಲ್ಲು ಸುರಿಯುವುದು ನಿಂತ ಮೇಲೆ ಮಗು ಬರಬಹುದು. ಸುಮಾರು ಒಂದು ವಾರ ಹಿಡಿಯುತ್ತದೆ. ಆದರೆ ಮಲದಲ್ಲಿ ವೈರಸ್ ಕೆಲವು ವಾರ ಹೋಗುತ್ತಲೇ ಇರುತ್ತದೆ. ಆದ್ದರಿಂದ ಗಮನವೆಲ್ಲ ಡೈಪರ್ ಬದಲಿಸುವ ಜಾಗದ ಮೇಲಿರಲಿ.

ಹ್ಯಾಂಡ್ ಸ್ಯಾನಿಟೈಜರ್‌ಗೆ ಈ ವೈರಸ್ ಅಷ್ಟಾಗಿ ಬಗ್ಗುವುದಿಲ್ಲ. ಡೈಪರ್ ಬದಲಿಸಿದ ಪ್ರತಿ ಸಲವೂ ಸೋಪು, ಹರಿಯುವ ನೀರು, 20 ಸೆಕೆಂಡ್ ಉಜ್ಜುವುದು. ಆಟದ ಸಾಮಾನು, ಟೇಬಲ್, ಚೇಂಜಿಂಗ್ ಶೀಟ್‌ಗಳನ್ನು ಮೊದಲು ಸೋಪುನೀರಲ್ಲಿ ತೊಳೆದು, ಆಮೇಲೆ ಬ್ಲೀಚ್ ನೀರು. ಬಾಟಲಿಯಲ್ಲಿ ಬರುವ ಬ್ಲೀಚ್ 5 ಶೇಕಡದ್ದಾದರೆ 1 ಲೀಟರ್ ನೀರಿಗೆ 20 ಎಂಎಲ್. ಹತ್ತು ನಿಮಿಷ ಬಿಟ್ಟು, ನೀರಲ್ಲಿ ಜಾಲಿಸಿ, ಬಿಸಿಲಲ್ಲಿ ಒಣಗಿಸಿ. ಕೊಳೆ ಇದ್ದ ಹಾಗೇ ಬ್ಲೀಚ್ ಹಾಕಿದರೆ ಅದರ ಶಕ್ತಿ ಕೊಳೆಗೇ ಮುಗಿದುಹೋಗುತ್ತದೆ. ದಿನಾ ಹೊಸದಾಗಿ ಕಲಸಿ, ನಿನ್ನೆಯದಕ್ಕೆ ಬಲವಿರುವುದಿಲ್ಲ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಬ್ಲೀಚ್ ಎಂದೂ ಸೇರಬಾರದು, ಕ್ಲೋರಿನ್ ಅನಿಲ ಏಳುತ್ತದೆ. ತೊಳೆಯಲಾಗದ ಬಟ್ಟೆ ಗೊಂಬೆಗಳನ್ನು ಸದ್ಯಕ್ಕೆ ಎತ್ತಿಟ್ಟುಬಿಡಿ.

ಬಾಯಿಹುಣ್ಣಿನಿಂದ ಮಗು ಊಟ ಬಿಟ್ಟರೆ ಗಾಬರಿಯಾಗಬೇಡಿ, ನೀರು ಬಿಟ್ಟರೆ ಎಚ್ಚರಾಗಿ. ತಣ್ಣಗಿನ ಮೊಸರನ್ನ, ರಾಗಿ ಅಂಬಲಿ, ಎಳನೀರು ಇಳಿಯುತ್ತದೆ. ತಿಳಿಸಾರು, ಕಿತ್ತಳೆ ರಸ ಉರಿಯುತ್ತದೆ. ಆರೇಳು ಗಂಟೆ ಮೂತ್ರ ಹೋಗದಿದ್ದರೆ ಆಸ್ಪತ್ರೆಗೆ. ಕಾಯಿಲೆ ವಾಸಿಯಾಗಿ ಒಂದೆರಡು ತಿಂಗಳಿಗೆ ಕೆಲವು ಮಕ್ಕಳ ಉಗುರು ಕಳಚುತ್ತದೆ. ನೋಡಿದವರಿಗೆ ಭಯವಾಗುತ್ತದೆ, ಆದರೆ ತಾನಾಗಿ ಹೊಸ ಉಗುರು ಬರುತ್ತದೆ.

ಎಲ್ಲ ಪೋಷಕರಿಗೂ ಕಾಯಿಲೆಯ ಹೆಸರು ತಿಳಿಸಿ, ಮಕ್ಕಳ ಹೆಸರು ಬೇಡ.

ಪ್ರಶ್ನೆ: ಮೊಮ್ಮಗಳಿಗೆ ಎರಡು ವರ್ಷ. ಹೋದ ತಿಂಗಳು ಜ್ವರಕ್ಕೆ ಫಿಟ್ಸ್ ಬಂತು. ಡಾಕ್ಟರು ಮೂಗಿಗೆ ಹೊಡೆಯುವ ಸ್ಪ್ರೇ, ಇನ್ನೊಂದು ಮಾತ್ರೆ ಕೊಟ್ಟಿದ್ದಾರೆ. ಡೇಕೇರ್‌ಗೆ ಕಳಿಸಬಹುದೇ? ಅಲ್ಲಿಯವರಿಗೆ ಏನು ಹೇಳಿಕೊಡಬೇಕು?
— ಒಬ್ಬ ಅಜ್ಜ, ರಾಜಾಜಿನಗರ

ಕಳಿಸಬಹುದು. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಿಗೆ ಜ್ವರದಲ್ಲಿ ಬರುವ ಫಿಟ್ಸ್ ಹೆಚ್ಚಾಗಿ ಕೆಲವೇ ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ. ಆ ಐದು ನಿಮಿಷ ಡೇಕೇರ್‌ನವರು ಏನು ಮಾಡುತ್ತಾರೆ, ಏನು ಮಾಡುವುದಿಲ್ಲ ಎನ್ನುವುದು ಮುಖ್ಯ.

ಮೊದಲ ಕೆಲಸ ಗಡಿಯಾರ ನೋಡುವುದು. ಒಬ್ಬರು ಮಗುವನ್ನು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ಕತ್ತಿನ ಬಟ್ಟೆ ಸಡಿಲಿಸಿ, ಬಾಯಿಂದ ಜೊಲ್ಲು ಹೊರಗೆ ಹರಿಯಲು ಬಿಡಲಿ. ಇನ್ನೊಬ್ಬರು ಫೋನ್‌ನಲ್ಲಿ ವಿಡಿಯೋ ಮಾಡಲಿ, ಡಾಕ್ಟರಿಗೆ ಅದು ಬಹಳ ಉಪಯೋಗ. ಬಾಯಿಗೆ ಚಮಚ, ಬೆರಳು, ನೀರು, ಸಿರಪ್ ಏನೂ ಬೇಡ. ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದು, ಈರುಳ್ಳಿ ಮೂಸಿಸುವುದು, ಚಪ್ಪಲಿ ಹಿಡಿಯುವುದು ಇವುಗಳಿಂದ ಆಗುವುದು ಸಮಯ ನಷ್ಟ ಮಾತ್ರ. ಅಲ್ಲಾಡದಂತೆ ಬಿಗಿಹಿಡಿಯಲೂಬೇಡಿ.

ನೀವು ಹೇಳಿದ ಸ್ಪ್ರೇ ಮಿಡಜೋಲಮ್ ಇರಬೇಕು. ಫಿಟ್ಸ್ ಐದು ನಿಮಿಷ ದಾಟಿದರೆ ಕೊಡಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನಿಮ್ಮ ಡಾಕ್ಟರು ಎಷ್ಟು ನಿಮಿಷಕ್ಕೆ, ಯಾವ ಹೊಳ್ಳೆಗೆ ಎಷ್ಟು ಸಲ ಒತ್ತಬೇಕೆಂದು ಬರೆದಿದ್ದಾರೋ ಅದೇ ಕಾಗದ ಸ್ಪ್ರೇ ಜೊತೆ ಒಂದೇ ಕವರ್‌ನಲ್ಲಿ ಇರಲಿ. ಹೊಸ ಸ್ಪ್ರೇಯನ್ನು ಮೊದಲು ಗಾಳಿಯಲ್ಲಿ ಒತ್ತಿ ಹನಿ ಬರುವಂತೆ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಮೊದಲ ಒತ್ತು ಖಾಲಿ ಗಾಳಿಯಾಗುತ್ತದೆ. ಐದು ನಿಮಿಷ ದಾಟಿದರೆ, ಉಸಿರಾಟ ಸರಿಯಿಲ್ಲದಿದ್ದರೆ, ತುಟಿ ನೀಲಿಯಾದರೆ 108ಕ್ಕೆ ಕರೆ ಮಾಡಿ. ಮಕ್ಕಳ ತುರ್ತು ಚಿಕಿತ್ಸೆಯಿರುವ ಹತ್ತಿರದ ಆಸ್ಪತ್ರೆ ಯಾವುದೆಂದು ಮೊದಲೇ ಗುರುತಿಸಿ, ಅಲ್ಲಿಗೆ ಕರೆದೊಯ್ಯಲು ಒಪ್ಪಿಗೆ ಪತ್ರ ಕೊಟ್ಟಿರಿ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡ ಅಪ್ಪ ಬರಲಿ ಎಂದು ಡೇಕೇರ್‌ನವರು ಕಾಯುವಂತಾಗಬಾರದು.

ಮಾತ್ರೆ ಕ್ಲೋಬಜಾಮ್ ಆಗಿದ್ದರೆ ಅದನ್ನು ಜ್ವರದ ದಿನಗಳಲ್ಲಿ ಮಾತ್ರ, ಡಾಕ್ಟರು ಹೇಳಿದಷ್ಟು ದಿನ ಕೊಡುವುದು. ಅದು ಕುಡಿದ ಮಗು ತೂಕಡಿಸುತ್ತದೆ, ನಡೆಯುವಾಗ ತೂರಾಡುತ್ತದೆ. ಆ ದಿನಗಳಲ್ಲಿ ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳಿ, ಹೇಗೂ ಜ್ವರ ಇರುತ್ತದಲ್ಲ. ಪ್ಯಾರಾಸಿಟಮಾಲ್ ಕೊಟ್ಟರೆ ಮಗುವಿಗೆ ಹಾಯೆನಿಸುತ್ತದೆ, ಫಿಟ್ಸ್ ಬರುವುದಿಲ್ಲ ಎಂಬ ಖಾತರಿ ಮಾತ್ರ ಇಲ್ಲ.

ಪ್ರಶ್ನೆ: ಮೂರು ವರ್ಷದ ಮಗನಿಗೆ ವೀಜಿಂಗ್ (ಉಸಿರಾಡುವಾಗ ಸುಯ್ ಎನ್ನುವ ಸದ್ದು). ನೀಲಿ ಇನ್‌ಹೇಲರ್ ಮತ್ತು ಸ್ಪೇಸರ್ (ಇನ್‌ಹೇಲರ್‌ಗೆ ಸೇರಿಸುವ, ಮಾಸ್ಕ್ ಇರುವ ಪ್ಲಾಸ್ಟಿಕ್ ಕೊಳವೆ) ಡೇಕೇರ್‌ನಲ್ಲಿ ಇಟ್ಟಿದ್ದೇವೆ. ಕೊಟ್ಟರೂ ಕೆಲಸ ಮಾಡಲ್ಲ ಅಂತಾರೆ.
— ಎಲೆಕ್ಟ್ರಾನಿಕ್ ಸಿಟಿ

ಹೆಚ್ಚಿನ ಸಲ ತಪ್ಪುವುದು ಕೊಡುವ ರೀತಿಯಲ್ಲಿ. ಇನ್‌ಹೇಲರ್ ಕುಲುಕಿ, ಸ್ಪೇಸರ್‌ನ ಹಿಂಬದಿಗೆ ಸೇರಿಸಿ. ಮಾಸ್ಕ್ ಮೂಗು-ಬಾಯಿ ಎರಡನ್ನೂ ಮುಚ್ಚಿ ಕೆನ್ನೆಗೆ ಸಂದಿಲ್ಲದಂತೆ ಕೂರಬೇಕು. ಒಂದು ಸಲ ಒತ್ತಿ, ಮಗು ಐದಾರು ಉಸಿರು ಎಳೆಯುವವರೆಗೆ ಹಾಗೇ ಹಿಡಿದಿರಿ. ಸ್ಪೇಸರ್‌ನ ಕವಾಟ ಅಲ್ಲಾಡುವುದು ಕಾಣುತ್ತದೆ, ಅದನ್ನೇ ಎಣಿಸಿ. ಅರ್ಧ ನಿಮಿಷ ಬಿಟ್ಟು, ಮತ್ತೆ ಕುಲುಕಿ, ಎರಡನೇ ಪಫ್. ಎರಡನ್ನೂ ಒಟ್ಟಿಗೆ ಒತ್ತಿದರೆ ಔಷಧಿ ಸ್ಪೇಸರ್‌ನ ಗೋಡೆಗೆ ಅಂಟಿ ವ್ಯರ್ಥ.

ಸ್ಪೇಸರ್ ತೊಳೆದ ಮೇಲೆ ಬಟ್ಟೆಯಿಂದ ಒರೆಸುತ್ತಿದ್ದರೆ ಅದೂ ಕಾರಣ. ಪ್ಲಾಸ್ಟಿಕ್ ಉಜ್ಜಿದರೆ ಸ್ಥಾಯಿ ವಿದ್ಯುತ್ ಹುಟ್ಟಿ ಔಷಧಿಯ ಕಣಗಳನ್ನು ಹಿಡಿದುಕೊಳ್ಳುತ್ತದೆ. ಪಾತ್ರೆ ಸೋಪಿನ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ತೆಗೆದು, ಒರೆಸದೆ ಗಾಳಿಗೆ ಒಣಗಲು ಬಿಡಿ. ಇನ್‌ಹೇಲರ್‌ನಲ್ಲಿ ಔಷಧಿ ಮುಗಿದ ಮೇಲೂ ಅನಿಲ ಬರುತ್ತಿರುತ್ತದೆ. ನೀಲಿಯದರಲ್ಲಿ, ಅಂದರೆ ಸಾಲ್ಬುಟಮಾಲ್ ಇನ್‌ಹೇಲರ್‌ನಲ್ಲಿ, ಸಾಮಾನ್ಯವಾಗಿ 200 ಪಫ್. ಎಣಿಕೆ ತೋರಿಸುವ ಕಿಂಡಿ ಇಲ್ಲದಿದ್ದರೆ ಡೇಕೇರ್ ಪುಸ್ತಕದಲ್ಲಿ ಬರೆದ ಪಫ್‌ಗಳನ್ನು ಕೂಡಿಸಿ ನೋಡಿ.

ಬೆಳಗ್ಗೆ-ರಾತ್ರಿಯ ತಡೆಗಟ್ಟುವ ಇನ್‌ಹೇಲರ್ ಮನೆಯಲ್ಲೇ ಇರಲಿ. ಅದು ಕೊಟ್ಟ ಮೇಲೆ ಬಾಯಿ ಮುಕ್ಕಳಿಸಿ ಮುಖ ಒರೆಸಿ. ನೀಲಿಯದು ಮಾತ್ರ ಡೇಕೇರ್‌ನಲ್ಲಿ. ಅದನ್ನು ಬೀರುವಿನಲ್ಲಿ ಬೀಗ ಹಾಕಿಡುವುದಲ್ಲ, ಮಕ್ಕಳಿಗೆ ಎಟುಕದ, ದೊಡ್ಡವರ ಕೈಗೆ ತಕ್ಷಣ ಸಿಗುವ ಎತ್ತರದಲ್ಲಿಡಿ. ಪಕ್ಕೆಲುಬಿನ ಕೆಳಗೆ ಚರ್ಮ ಒಳಕ್ಕೆ ಎಳೆಯುತ್ತಿದ್ದರೆ, ಮಾತಾಡಲು ಅಳಲು ಉಸಿರು ಸಾಲದಿದ್ದರೆ, ಔಷಧಿ ಕೊಡುತ್ತಲೇ ಆಸ್ಪತ್ರೆಗೆ ಹೊರಡಿ. ಡೇಕೇರ್‌ನಲ್ಲಿ ಬೆಳಗ್ಗೆ ಊದುಬತ್ತಿ, ಸಾಂಬ್ರಾಣಿ ಹೊಗೆ, ಸೊಳ್ಳೆ ಬತ್ತಿ ಹಚ್ಚುತ್ತಾರೆಯೇ ಎಂದು ವಿಚಾರಿಸಿ. ದೇವರ ದೀಪ ಹಚ್ಚಿದರೆ ಸಾಕು, ಈ ಮಗುವಿಗೆ ಹೊಗೆ ಬೇಡ.

ಪ್ರಶ್ನೆ: ಕೆಮ್ಮಿಗೆ ಸಿರಪ್ ಕಳಿಸಬೇಕೇ? ಅತ್ತೆಯವರು ಕರ್ಪೂರದ ಪುಟ್ಟ ಗಂಟು ಮಾಡಿ ಅಂಗಿಗೆ ಪಿನ್ ಮಾಡುತ್ತಾರೆ.
— ಜೆ.ಪಿ. ನಗರ

ಎರಡೂ ಬೇಡ. ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷಕಾರಿ ರಾಸಾಯನಿಕ ಸೇರಿದ್ದ ಕೆಮ್ಮಿನ ಸಿರಪ್‌ನಿಂದ ಮಕ್ಕಳು ತೀರಿಕೊಂಡ ಮೇಲೆ, 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಸೇವೆಗಳ ನಿರ್ದೇಶನಾಲಯ ಸ್ಪಷ್ಟವಾಗಿ ಹೇಳಿತು: ಎರಡು ವರ್ಷದೊಳಗಿನವರಿಗೆ ಕೆಮ್ಮು-ಶೀತದ ಔಷಧಿ ಬರೆಯಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ. ಕ್ಲೋರ್‌ಫೆನಿರಮಿನ್ ಮತ್ತು ಫೆನೈಲೆಫ್ರಿನ್ ಬೆರೆತ ಸಿರಪ್ ನಾಲ್ಕು ವರ್ಷದೊಳಗಿನವರಿಗೆ ಬೇಡ ಎಂಬ ಎಚ್ಚರಿಕೆ 2023ರಲ್ಲೇ ಬಂದಿದೆ. ಮೂಗು ಕಟ್ಟಿದರೆ ಊಟ, ನಿದ್ದೆಗೆ ಮುಂಚೆ ಎರಡು ಹೊಳ್ಳೆಗೂ ಎರಡೆರಡು ಹನಿ ಸಲೈನ್ ಡ್ರಾಪ್ಸ್. ಒಂದು ವರ್ಷ ದಾಟಿದ ಮಗುವಿಗೆ ರಾತ್ರಿ 2.5 ಎಂಎಲ್ ಜೇನುತುಪ್ಪ. ಒಂದು ವರ್ಷದೊಳಗೆ ಜೇನು ಬೇಡವೇ ಬೇಡ.

ಕರ್ಪೂರದ ಬಗ್ಗೆ ಅತ್ತೆಯವರಿಗೆ ಮೆಲ್ಲಗೆ, ಆದರೆ ಬಿಡದೆ ಹೇಳಿ. ಅವರ ಕಾಳಜಿ ದೊಡ್ಡದು. ಆದರೆ ಒಂದು ಸಣ್ಣ ಬಿಲ್ಲೆ ಮಗುವಿನ ಹೊಟ್ಟೆಗೆ ಹೋದರೂ ಸ್ವಲ್ಪ ಹೊತ್ತಲ್ಲೇ ಫಿಟ್ಸ್ ಬರಬಹುದು. ಡೇಕೇರ್‌ನಲ್ಲಿ ನಿಮ್ಮ ಮಗುವಿನ ಅಂಗಿಯ ಗಂಟನ್ನು ಬಾಯಿಗಿಡುವುದು ಪಕ್ಕದ ಮಗುವೂ ಆಗಿರಬಹುದು. ಪಿನ್ನಿನ ಅಪಾಯ ಬೇರೆ.

ಪ್ರಶ್ನೆ: ಭೇದಿಯಾದ ಮಗುವಿಗೆ ಡೇಕೇರ್‌ನಲ್ಲಿ ಟೆಟ್ರಾ ಪ್ಯಾಕ್‌ನ ‘ಓಆರ್‌ಎಸ್’ ಜ್ಯೂಸ್ ಕುಡಿಸಿದ್ದರು. ಸರಿಯೇ?
— ಮಲ್ಲೇಶ್ವರ

ಸಕ್ಕರೆ ಹೆಚ್ಚಿರುವ ಅಂಥ ಪಾನೀಯಗಳು ಭೇದಿಯನ್ನು ಇನ್ನಷ್ಟು ಹೆಚ್ಚಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ ಓಆರ್‌ಎಸ್ ಎಂಬ ಹೆಸರು ಹಾಕಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಮೆಡಿಕಲ್ ಶಾಪ್‌ನಲ್ಲಿ ‘ಡಬ್ಲ್ಯುಎಚ್‌ಒ ಸೂತ್ರ’ ಎಂದಿರುವ ಪುಡಿಯ ಪೊಟ್ಟಣವನ್ನೇ ಕೇಳಿ ತನ್ನಿ. ದೊಡ್ಡದು 1 ಲೀಟರ್ ನೀರಿಗೆ, ಚಿಕ್ಕದು 200 ಎಂಎಲ್‌ಗೆ. ಡೇಕೇರ್‌ಗೆ ಚಿಕ್ಕದು ಅನುಕೂಲ. ಪೂರ್ತಿ ಪೊಟ್ಟಣವನ್ನು ಪೂರ್ತಿ ನೀರಿಗೆ ಹಾಕಬೇಕು, ಅರ್ಧ ಪೊಟ್ಟಣ ಅಂದಾಜಿಗೆ ಕಲಸಿದರೆ ಉಪ್ಪು ಹೆಚ್ಚಾಗಿ ಅಪಾಯ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಎಂಎಲ್, ಚಮಚದಲ್ಲಿ ನಿಧಾನಕ್ಕೆ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು. ಕಲಸಿದ್ದು 24 ಗಂಟೆ ಮಾತ್ರ. ಜೊತೆಗೆ ಜಿಂಕ್ 14 ದಿನ, ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿಲಿಗ್ರಾಂ. ಅದನ್ನು ಮನೆಯಲ್ಲೇ ಕೊಡಬಹುದು. ಭೇದಿ ನಿಂತಿತೆಂದು ಮೂರನೇ ದಿನಕ್ಕೇ ಜಿಂಕ್ ನಿಲ್ಲಿಸಬೇಡಿ.

ಪ್ರಶ್ನೆ: ನಮ್ಮ ಆಫೀಸಿನಲ್ಲೇ ಕ್ರೆಷ್ ಇದೆ. ಮಧ್ಯದಲ್ಲಿ ಎದ್ದುಹೋಗಿ ಔಷಧಿ ಕೊಟ್ಟು ಬರಲು ಮ್ಯಾನೇಜರ್ ಬಿಡುತ್ತಿಲ್ಲ.
— ವೈಟ್‌ಫೀಲ್ಡ್

ಹೆರಿಗೆ ಸೌಲಭ್ಯ ಕಾನೂನಿಗೆ 2017ರ ತಿದ್ದುಪಡಿಯಲ್ಲಿ ಬಂದು, ಈಗ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮುಂದುವರಿದಿರುವ ನಿಯಮದಂತೆ 50 ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಸಂಸ್ಥೆ ಕ್ರೆಷ್ ಸೌಲಭ್ಯ ಕೊಡಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಬಿಡಬೇಕು. ವಿಶ್ರಾಂತಿಯ ಸಮಯವೂ ಅದರಲ್ಲಿ ಸೇರಿದೆ. ಎಚ್‌ಆರ್‌ಗೆ ಔಷಧಿಯ ಗಂಟೆ ನಮೂದಿಸಿ ಮೇಲ್ ಕಳಿಸಿ, ಡಾಕ್ಟರ ಚೀಟಿ ಲಗತ್ತಿಸಿ. ಮಧ್ಯಾಹ್ನ ಒಂದೂವರೆಯ ಡೋಸ್ ನೀವೇ ಕೊಟ್ಟರೂ ಕ್ರೆಷ್‌ನ ಪುಸ್ತಕದಲ್ಲಿ ಎಂಎಲ್, ಗಂಟೆ ಬರೆದು ಸಹಿ ಮಾಡಿ ಬನ್ನಿ. ಇಲ್ಲದಿದ್ದರೆ ಎರಡು ಗಂಟೆಗೆ ಡ್ಯೂಟಿ ಬದಲಾಗಿ ಬಂದ ಆಯಾ, ಚೀಟಿ ನೋಡಿ, ಇನ್ನೂ ಕೊಟ್ಟಿಲ್ಲವೆಂದುಕೊಂಡು ಮತ್ತೊಂದು ಸಲ ಕುಡಿಸಿಬಿಡಬಹುದು.